ದಿ. ಮಷಿನ್ ಮೇಷ್ಟ್ರು

ನಮ್ಮಪ್ಪ ತೀರಿಕೊಂಡ ಸುದ್ದಿಯನ್ನು ನನಗೆ ಮೊದಲು ಹೇಳಿದವರು ಪರದೆ ಹೊಲಿಯುವ ಹೆಂಗಸು. ಅಂಗಡಿಗೆ ಫೋನ್ ಮಾಡಿ, "ಏನಮ್ಮಾ, ಹೀಗಾಗೋಯ್ತಲ್ಲ" ಎಂದರು. ಏನಾಯಿತು ಎಂದೆ. "ನಿಮ್ಮ ತಂದೆಯವರು..." ಎಂದು ನಿಲ್ಲಿಸಿದರು. ನಾನು ತಿರುಗಿ ನೋಡಿದೆ. ಅಪ್ಪ ಒಳಗಿನ ಮೇಜಿನ ಮೇಲೆ ಬಗ್ಗಿ, ಕನ್ನಡಕವನ್ನು ಹಣೆಗೇರಿಸಿಕೊಂಡು, ಅದೇ ಹೆಂಗಸಿನ ಹೊಲಿಗೆ ಮಷಿನ್ನಿನ ಶಟಲ್ ಬಿಚ್ಚುತ್ತಿದ್ದರು. ಕನ್ನಡಕ ಹಣೆಯ ಮೇಲಿದ್ದುದರಿಂದ ಸ್ಕ್ರೂ ಕಾಣದೆ ಅದನ್ನು ಬೈಯುತ್ತಲೂ ಇದ್ದರು.

"ಇಂಥ ಹೊತ್ತಲ್ಲಿ ಮಷಿನ್ ಯಾವಾಗ ಕೊಡ್ತೀರಿ ಅಂತ ಕೇಳೋಕೂ ಮನಸ್ಸು ಬರಲ್ಲ" ಎಂದರು ಆಕೆ.

"ಸಂಜೆ ಬನ್ನಿ," ಎಂದೆ. "ಅಪ್ಪ ಈಗ ಅದನ್ನೇ ಬಿಚ್ಚಿ ಕೂತಿದ್ದಾರೆ."

ಆಕೆ ತಟ್ಟನೆ ಫೋನ್ ಇಟ್ಟರು. ಸಂಜೆ ಬರಲೂ ಇಲ್ಲ.

ಇದಕ್ಕೆಲ್ಲ ಕಾರಣ ನಮ್ಮಣ್ಣ. ಮನೆಯಲ್ಲಿ ಅವನಿಗೆ 'ಅಪ್‌ಡೇಟ್' ಎಂದು ಅಡ್ಡಹೆಸರು, ಇಟ್ಟವಳು ನಾನೇ. ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡುಗಳ ಅಕ್ಷರ ಜೋಡಿಸುವುದು ಅವನ ಉದ್ಯೋಗ. ಅಪ್ಪನ ಹೊಲಿಗೆ ಮಷಿನ್ ರಿಪೇರಿ ಅಂಗಡಿಗೆ ವೆಬ್‌ಸೈಟ್ ಮಾಡುವುದು ಅವನ ಕಾಯಿಲೆ. ಅಂಗಡಿ ನಡೆಸುವವಳು ನಾನು. ಯಾರ ಮಷಿನ್ ಬಂತು, ಅದಕ್ಕೇನಾಗಿದೆ, 'ನಾವು ಮುಟ್ಟೇ ಇಲ್ಲ, ತಾನಾಗೇ ಕೆಟ್ಟಿತು' ಎಂದು ಯಾರು ಸುಳ್ಳು ಹೇಳುತ್ತಿದ್ದಾರೆ, ಇವೆಲ್ಲ ನನ್ನ ತಲೆನೋವು. ಅಣ್ಣ ಬರುವುದು ಅಂಗಡಿಯನ್ನು ಜಗತ್ತಿಗೆ ತೋರಿಸಲು.

ಈ ಚಟ ಅವನಿಗೆ ಹಳೆಯದು. ಫೋನ್ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲದಲ್ಲೇ ಅಂಟಿಕೊಂಡದ್ದು. ಆಗ ಅದು ಬರುವ ಮುಂಚೆ ಕೀರಲು ದನಿಯಲ್ಲಿ ಕಿರುಚುತ್ತಿತ್ತು, ಬಂದ ಮೇಲೆ ಮನೆಗೆ ಯಾರೂ ಫೋನ್ ಮಾಡುವಂತಿರಲಿಲ್ಲ. ಅವನು ಮಾಡಿದ ಮೊದಲ ಪುಟದ ಹಿನ್ನೆಲೆ ಹಳದಿ, ಅಕ್ಷರ ಕೆಂಪು. 'ಸ್ವಾಗತ' ಎಂಬ ಪದ ಬಲದಿಂದ ಎಡಕ್ಕೆ ಓಡುತ್ತಿತ್ತು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಕೆಳಗೆ ಒಬ್ಬ ಪುಟಾಣಿ ಮನುಷ್ಯ ಸಲಿಕೆ ಹಿಡಿದು ಅಗೆಯುತ್ತಿದ್ದ, ಪಕ್ಕದಲ್ಲಿ 'ಕಾಮಗಾರಿ ನಡೆಯುತ್ತಿದೆ' ಎಂದಿತ್ತು. ಅವನು ವರ್ಷಗಟ್ಟಲೆ ಅಗೆದರೂ ಒಂದು ಗುಂಡಿಯೂ ಆಗಲಿಲ್ಲ. "ಇವನಿಗೆ ಸಂಬಳ ಯಾರು ಕೊಡ್ತಾರೋ?" ಎಂದು ಅಪ್ಪ ಕೇಳಿದ್ದರು. ಆಗಿನ ವೆಬ್‌ಸೈಟುಗಳೆಲ್ಲ ಹೀಗೇ ಇದ್ದವು. ಬಂದವರು ಓದಬೇಕು, ಹೋಗಬೇಕು. ಬಾಯಿ ತುರಿಸಿದವರಿಗಾಗಿ ಪುಟದ ಅಡಿಯಲ್ಲಿ 'ಅತಿಥಿ ಪುಸ್ತಕ' ಎಂದು ಒಂದು ಖಾಲಿ ಚೌಕ ಇರುತ್ತಿತ್ತು. ನಮ್ಮ ಅತಿಥಿ ಪುಸ್ತಕದಲ್ಲಿ ಮೊದಲು ಬರೆದವನು ಅಣ್ಣ, 'ತುಂಬಾ ಚೆನ್ನಾಗಿದೆ' ಎಂದು. ಎರಡನೆಯದೂ ಅವನದೇ, ಬೇರೆ ಹೆಸರಿನಲ್ಲಿ.

ಆಮೇಲೆ ಬ್ಲಾಗಿನ ಕಾಲ ಬಂತು. ಓದುವವರೆಲ್ಲ ಬರೆಯತೊಡಗಿದರು. ದಾರ ಯಾಕೆ ಕಡಿಯುತ್ತದೆ ಎಂಬ ವಿಷಯದಿಂದ ಶುರು ಮಾಡಿದ ಅಣ್ಣ, ಸ್ವಲ್ಪ ದಿನದಲ್ಲೇ ಬದುಕಿನ ಬಗ್ಗೆ ಬರೆಯತೊಡಗಿದ. ಅದರ ಕೆಳಗೆ ಇಬ್ಬರು ಅಪರಿಚಿತರು ಮಷಿನ್ನಿಗೆ ಎಣ್ಣೆ ಹಾಕುವ ವಿಷಯಕ್ಕೆ ಕೈ ಕೈ ಮಿಲಾಯಿಸುವಷ್ಟು ಜಗಳವಾಡಿದರು. ಒಬ್ಬನ ಮನೆಯಲ್ಲಿ ಮಷಿನ್ನೇ ಇಲ್ಲ ಎಂದು ಕೊನೆಗೆ ತಿಳಿಯಿತು. ಬ್ಲಾಗ್ ಬೇಜಾರಾಗಿ ಆನ್‌ಲೈನ್ ಅಂಗಡಿ ತೆರೆದ. ದಾರ ಸುತ್ತುವ ಬಾಬಿನ್ನಿನ ಚಿತ್ರ, ಪಕ್ಕದಲ್ಲಿ ಪುಟ್ಟ ತಳ್ಳುಗಾಡಿಯ ಗುರುತು. ಒಂದು ಆರ್ಡರ್ ಬಂತು, ಒಂದೇ ಒಂದು ಬಾಬಿನ್ನಿಗೆ. ವಿಳಾಸ ನೋಡಿದರೆ ನಮ್ಮ ಹಿಂದಿನ ಬೀದಿ. ನಾನೇ ನಡೆದು ಹೋಗಿ ಕೊಟ್ಟೆ. ಆ ಮನುಷ್ಯ, "ಅಬ್ಬಾ, ಡೆಲಿವರಿ ಇಷ್ಟು ಬೇಗನಾ!" ಎಂದು ಐದು ನಕ್ಷತ್ರ ಕೊಟ್ಟ.

ಎಲ್ಲರೂ ಎಲ್ಲರಿಗೂ ಗೆಳೆಯರಾಗುವ ತಾಣಗಳು ಬಂದಾಗ ಅಲ್ಲೂ ಅಂಗಡಿಗೊಂದು ಪುಟ. ಬೆಳಿಗ್ಗೆ ಬಾಗಿಲು ತೆಗೆದರೆ ಲೈಕ್, ಸಂಜೆ ಮುಚ್ಚಿದರೆ ಲೈಕ್. ಮಷಿನ್ನಿಗೆ ಎಣ್ಣೆ ಬಿಡುವ ಅಪ್ಪನ ಕೈಗಳನ್ನು ವಿಡಿಯೊ ತಾಣದಲ್ಲಿ ಊರೂರಿನವರು ನೋಡಿದರು, ನೋಡುತ್ತಿದ್ದರೆ ಒಳ್ಳೆ ನಿದ್ದೆ ಬರುತ್ತದೆ ಎಂದು ಬರೆದರು. ಇದು ಹೊಗಳಿಕೆ ಎಂದು ಅಪ್ಪನನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಇಷ್ಟಾದರೂ ಅಣ್ಣ ಹಳೆಯದು ಯಾವುದನ್ನೂ ಕೆಡವಿರಲಿಲ್ಲ. ಮೇಲೆ ಮೇಲೆ ಕಟ್ಟುತ್ತ ಹೋದ. ನೆತ್ತಿಯಲ್ಲಿ ಹೊಸ ಮುಖಪುಟ, ಅದರ ಕೆಳಗೆ ಆನ್‌ಲೈನ್ ಅಂಗಡಿ, ಅದರ ಕೆಳಗೆ ಬ್ಲಾಗ್, ಎಲ್ಲಕ್ಕಿಂತ ಅಡಿಯಲ್ಲಿ ಆ ಅತಿಥಿ ಪುಸ್ತಕ. ಅದನ್ನು ಯಾಕೆ ಇಟ್ಟುಕೊಂಡಿದ್ದೀಯ ಎಂದು ಕೇಳಿದರೆ, ಹಳೆಯ ನೆನಪು ಎನ್ನುತ್ತಿದ್ದ. ಅಸಲು ವಿಷಯ, ಅದನ್ನು ತೆಗೆಯುವುದು ಹೇಗೆಂದು ಅವನಿಗೆ ಮರೆತುಹೋಗಿತ್ತು.

ಈ ವರ್ಷ ಅವನಿಗೆ 'ಬ್ರ್ಯಾಂಡ್' ಎಂಬ ಪದ ಸಿಕ್ಕಿತು. ಅಪ್ಪನನ್ನು ಸುತ್ತಮುತ್ತಲಿನವರೆಲ್ಲ ಮಷಿನ್ ಮೇಷ್ಟ್ರು ಎಂದೇ ಕರೆಯುವುದು. "ಬರೀ ಮಷಿನ್ ಮೇಷ್ಟ್ರು ಅಂದ್ರೆ ತೂಕ ಇಲ್ಲ ಕಣೇ," ಎಂದ. "ದೊಡ್ಡ ದೊಡ್ಡ ಹೋಟೆಲ್ ನೋಡು, ಬ್ಯಾಂಕ್ ನೋಡು. ಎಲ್ಲದಕ್ಕೂ ಇಂಗ್ಲಿಷ್‌ದು ಒಂದು 'ದಿ' ಇರತ್ತೆ." ಸರಿ, ಅಪ್ಪನ ಫೋಟೋ ಒಂದನ್ನು ಗಾಂಭೀರ್ಯ ಬರಲೆಂದು ಕಪ್ಪು ಬಿಳುಪು ಮಾಡಿದ. ಮುಖಪುಟದಲ್ಲಿ ಹಾಕಿದ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದ: 'ದಿ. ಮಷಿನ್ ಮೇಷ್ಟ್ರು'.

ಕನ್ನಡ ಓದಲು ಬರುವ ಯಾರನ್ನು ಬೇಕಾದರೂ ಕೇಳಿ. ಹೆಸರಿಗೆ ಮೊದಲು ದಿ, ದಿ ಪಕ್ಕದಲ್ಲಿ ಚುಕ್ಕೆ ಬಂದರೆ ಆ ಮನುಷ್ಯ ದಿವಂಗತ. ಚುಕ್ಕೆ ಯಾಕೆ ಇಟ್ಟೆ ಮಾರಾಯ ಎಂದು ಆಮೇಲೆ ನಾನು ಕೇಳಿದ್ದಕ್ಕೆ, "ಡಾಕ್ಟರ್ ಅಂತ ಬರೆಯೋ ಡಾ. ಪಕ್ಕ ಚುಕ್ಕೆ ಇಲ್ವಾ? ಗೌರವ" ಎಂದ. ಇಷ್ಟು ವರ್ಷ ಪ್ರೆಸ್ಸಿನಲ್ಲಿ ಕೂತವನಿಗೆ ಇದು ಗೊತ್ತಿರಬೇಡವೆ? ಗೊತ್ತಿರಲಿಲ್ಲ. ಬಿಲ್ ಬುಕ್ಕಿನಲ್ಲಿ ಯಾರೂ ಸಾಯುವುದಿಲ್ಲ.

ಆ ಚುಕ್ಕೆ ಅಲ್ಲಿಗೆ ನಿಲ್ಲಲಿಲ್ಲ. ಯಾವ ಅಂಗಡಿ ಎಲ್ಲಿದೆ ಎಂದು ಪಟ್ಟಿ ಮಾಡುವ ತಾಣವೊಂದು ನಮ್ಮ ಪುಟವನ್ನು ನೋಡಿ 'ಸ್ಥಾಪಕರು: ದಿವಂಗತರು' ಎಂದು ಹಾಕಿಕೊಂಡಿತು. ಅದನ್ನು ನೋಡಿದ ಒಂದು ಸುದ್ದಿ ತಾಣ, 'ಹೊಲಿಗೆ ಲೋಕದ ಹಿರಿಯ ಕೊಂಡಿ ಕಳಚಿತು' ಎಂದು ಬರೆಯಿತು. ಇವೆರಡನ್ನೂ ಓದಿಕೊಂಡದ್ದು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತದಲ್ಲ, ಈಗಿನ ಆ ಯಂತ್ರ. ಅಂಗಡಿ ಎಷ್ಟು ಗಂಟೆಗೆ ತೆಗೆಯುತ್ತದೆ ಎಂದು ನಾನೇ ಅದನ್ನು ಕೇಳಿ ನೋಡಿದೆ. ಮಷಿನ್ ಮೇಷ್ಟ್ರು ದೀರ್ಘಕಾಲದ ಅನಾರೋಗ್ಯದ ಬಳಿಕ ಶಾಂತಿಯುತವಾಗಿ ನಿಧನರಾದರೆಂದು ಹೇಳಿ, ನನಗೆ ಸಾಂತ್ವನವನ್ನೂ ಹೇಳಿತು. ನಮ್ಮಪ್ಪ ಒಂದು ಲೋಟ ನೀರನ್ನೂ ಶಾಂತಿಯುತವಾಗಿ ಕುಡಿದವರಲ್ಲ.

ಮಧ್ಯಾಹ್ನ ಅಣ್ಣನನ್ನು ಪ್ರೆಸ್ಸಿನಿಂದ ಕರೆಸಿ, ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿಕೊಂಡು ಲ್ಯಾಪ್‌ಟಾಪ್ ತೆರೆದ. ಬೇರೆ ಎಲ್ಲೆಲ್ಲಿ ಚುಕ್ಕೆ ಇಟ್ಟಿದ್ದೇನೋ ಎಂದು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಜಾರಿಸುತ್ತ ಹೋದವನು ತಳದಲ್ಲಿ ನಿಂತ.

"ಅತಿಥಿ ಪುಸ್ತಕದಲ್ಲಿ ಯಾರೋ ಬರೆದಿದ್ದಾರೆ ಕಣೇ," ಎಂದ. "ನಾನಲ್ಲ."

ನಾನು ಬಗ್ಗಿ ಓದಿದೆ. 'ಅಣ್ಣಾ, ಸುದ್ದಿ ನೋಡಿದೆ. ನಂಬೋಕೆ ಆಗ್ತಿಲ್ಲ. ಬರಬೇಕು ಬರಬೇಕು ಅಂದುಕೊಂಡೇ ಇಷ್ಟು ವರ್ಷ ಕಳೆದುಬಿಟ್ಟೆ. ಜಗಳ ಏನೇ ಇರಲಿ, ನೀನು ಇರಬೇಕಾಗಿತ್ತು. ಸೋಮವಾರ ಬರ್ತೀನಿ. ಮಕ್ಕಳನ್ನ ನೋಡಿಕೊಂಡು, ನಿನ್ನ ಮೇಜಿನ ಹತ್ತಿರ ಸ್ವಲ್ಪ ಹೊತ್ತು ಕೂತು ಹೋಗ್ತೀನಿ. ಇಂತಿ, ತಮ್ಮ.'

"ಯಾರೋ ಮರೆಗುಳಿ," ಎಂದ ಅಣ್ಣ. "ಇಂತಿ ತಮ್ಮ ಅಂತ ಬರೆದು ಹೆಸರು ಹಾಕೋದನ್ನೇ ಬಿಟ್ಟಿದ್ದಾರೆ."

ಇವನ ತಲೆಗೆ ಏನು ಹೇಳುವುದು? ಅದು ಪತ್ರದ ಕೊನೆಯಲ್ಲಿ ಬರುವ ಮರ್ಯಾದೆಯ ತಮ್ಮ ಅಲ್ಲ. ಒಡಹುಟ್ಟಿದ ತಮ್ಮ. ಬರೆದವರು ನಮ್ಮ ಚಿಕ್ಕಪ್ಪ. ಓದುತ್ತಿದ್ದ ಹಾಗೇ ನನ್ನ ಕಣ್ಣು ತುಂಬಿ ಬಂತು.

ಚಿಕ್ಕಪ್ಪ ಈ ಅಂಗಡಿ ಬಿಟ್ಟು ಹೋದಾಗ ನಾನು ಹೈಸ್ಕೂಲಿನಲ್ಲಿದ್ದೆ. ಆಗ ಇಲ್ಲಿ ಎರಡು ಮೇಜು, ಒಂದು ಅಪ್ಪನದು, ಒಂದು ಅವರದು. ಒಂದು ದಿನ ಯೂನಿಫಾರ್ಮ್ ಹೊಲಿಯುವ ಟೈಲರ್ ಒಬ್ಬ ಕೂಗಾಡುತ್ತ ಬಂದ. ಇಲ್ಲಿಂದ ರಿಪೇರಿ ಮಾಡಿಸಿಕೊಂಡು ಹೋದ ಮಷಿನ್ ಬಟ್ಟೆಯನ್ನೆಲ್ಲ ಜಗಿದು ಹಾಳು ಮಾಡಿತ್ತು. ಅಂಗಡಿ ತುಂಬ ಗಿರಾಕಿಗಳು. ಅಪ್ಪ ಎಲ್ಲರ ಮುಂದೆ, "ಅದನ್ನ ನಾನು ಮುಟ್ಟಿಲ್ಲ, ನನ್ನ ತಮ್ಮ ಕೆಡಿಸಿದ್ದು" ಎಂದರು. ಮಾಡಿದ್ದು ಅಪ್ಪ. ಅದು ಅಪ್ಪನಿಗೂ ಗೊತ್ತು, ಚಿಕ್ಕಪ್ಪನಿಗೂ ಗೊತ್ತು, ಊಟ ತಂದು ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೂ ಗೊತ್ತು. ಚಿಕ್ಕಪ್ಪ ಒಂದು ಮಾತೂ ಆಡದೆ ಕೈ ಒರೆಸಿಕೊಂಡು ಹೊರಟರು. ಬೇರೆ ಊರಿನಲ್ಲಿ ಅಂಗಡಿ ಹಾಕಿದರು. ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಅಮ್ಮ ತೀರಿಕೊಂಡಾಗಲಾದರೂ ಹೇಳಿ ಕಳಿಸಿ ಎಂದು ಗೋಗರೆದೆ. "ಬೇಕಾದವನು ತಾನೇ ಬರ್ತಾನೆ" ಎಂದರು ಅಪ್ಪ. ಹೇಳದೆ ಹೇಗೆ ಬರುತ್ತಾರೆ? ನನಗೆ ಚಿಕ್ಕಪ್ಪ ಎಂದರೆ ಪ್ರಾಣ. ಆ ಸಿಟ್ಟು ನನ್ನಲ್ಲಿ ಇವತ್ತಿಗೂ ಆರಿಲ್ಲ.

ಅಣ್ಣ ಲ್ಯಾಪ್‌ಟಾಪನ್ನು ಅಪ್ಪನ ಮೇಜಿಗೆ ಒಯ್ದು ತೋರಿಸಿದ. ಅಪ್ಪ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಈಗಲೇ ತೆಗೆದುಬಿಡ್ತೀನಿ ಅಪ್ಪ, ಒಂದು ನಿಮಿಷ" ಎಂದ ಅಣ್ಣ.

"ಏನನ್ನ?"

"ಚುಕ್ಕೇನ."

"ಮುಟ್ಟಬೇಡ," ಎಂದರು ಅಪ್ಪ.

"ಅಪ್ಪಾ, ನೀವು ಸತ್ತಿದ್ದೀರಿ ಅಂತ ಅರ್ಥ ಅದು."

"ಗೊತ್ತು. ಸೋಮವಾರದವರೆಗೂ ಸತ್ತಿರ್ತೀನಿ. ಬದುಕಿದ್ದೀನಿ ಅಂತ ತಿಳಿದ್ರೆ ಅವನು ಬರಲ್ಲ."

ಹಾಗೆ ಅಪ್ಪ ಸತ್ತರು. ಈ ಕೆಲಸವನ್ನೂ ಅವರು ಅರೆಮನಸ್ಸಿನಿಂದ ಮಾಡಲಿಲ್ಲ. ಅಂಗಡಿಯ ಮುಂಭಾಗಕ್ಕೆ ಬರುವುದನ್ನು ಬಿಟ್ಟರು. ಯಾರಾದರೂ ಒಳಗೆ ಕಾಲಿಟ್ಟರೆ ಹಳೆಯ ಮಷಿನ್ನುಗಳ ರಾಶಿಯ ಹಿಂದೆ ಸರಿದು ನಿಲ್ಲುತ್ತಿದ್ದರು. ಎದುರಿನ ಸ್ಟೇಷನರಿ ಅಂಗಡಿಯವರು ಸಾಂತ್ವನ ಹೇಳಲು ಬಂದು, ಮೇಷ್ಟ್ರಿಗೆ ತಾವು ಕೊಟ್ಟಿದ್ದ ಏಣಿ ಸಿಗಬಹುದೇ ಎಂದು ಮೆಲ್ಲಗೆ ಕೇಳಿದಾಗ, ರಾಶಿಯ ಹಿಂದಿನಿಂದ, "ಆ ಏಣಿ ನಂದು!" ಎಂಬ ದನಿ ಬಂತು. ಅವರು ಬಿಳಿಚಿಕೊಂಡರು. ರೇಡಿಯೊ ಎಂದೆ.

ಮೊದಮೊದಲು ನನಗೂ ನಗು ಬರುತ್ತಿತ್ತು. ಆಮೇಲೆ ಮೈ ಉರಿಯತೊಡಗಿತು. ಅಲ್ಲಿ ಒಬ್ಬ ಮುದುಕ ಅಣ್ಣ ಸತ್ತನೆಂದು ಅಳುತ್ತ ಬಟ್ಟೆ ಜೋಡಿಸಿಕೊಳ್ಳುತ್ತಿದ್ದಾರೆ, ಇಲ್ಲಿ ಆ ಅಣ್ಣ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದಾರೆ.

"ಅಪ್ಪ, ಇದು ಅನ್ಯಾಯ," ಎಂದೆ. "ಬಸ್ಸಲ್ಲಿ ದಾರಿಯುದ್ದಕ್ಕೂ ಅಳ್ತಾ ಬರ್ತಾರೆ. ಎದೆಗೇನಾದ್ರೂ ಆದ್ರೆ?"

"ಅವನಿಗೇನೂ ಆಗಲ್ಲ. ಗಟ್ಟಿ ಪಿಂಡ."

"ತಪ್ಪಾಯ್ತು ಅಂತ ಒಂದು ಮಾತು ಹೇಳೋದಕ್ಕೆ ನೀವು ಸಾಯಲೇಬೇಕಾ? ಬದುಕಿದ್ದು ಹೇಳೋಕೆ ಆಗಲ್ವಾ?"

ಅಪ್ಪ ಊಟ ನಿಲ್ಲಿಸಿದರು. "ಬದುಕಿದ್ದಾಗ ಕರೆದ್ರೆ ಅವನು ಬರ್ತಾನೆ ಅಂತ ನಿನಗೆ ಯಾರು ಹೇಳಿದ್ದು?" ಎಂದರು. "ಬರದೇ ಇದ್ರೆ? ಈ ವಯಸ್ಸಲ್ಲಿ ಕರೆದು, ಬರಲ್ಲ ಅನ್ನಿಸ್ಕೊಂಡ್ರೆ ನಾನೇನು ಮಾಡ್ಲಿ?" ನಮ್ಮಪ್ಪ ಹೆದರಿದ್ದನ್ನು ನಾನು ನೋಡಿದ್ದು ಅವತ್ತೇ. ಇದೊಂದು ಅವಕಾಶ, ಇದು ತಪ್ಪಿದರೆ ತಮ್ಮನ ಮುಖ ಮತ್ತೆ ನೋಡುವುದಿಲ್ಲ ಎಂದು ಅವರು ಲೆಕ್ಕ ಹಾಕಿಬಿಟ್ಟಿದ್ದರು. ಅದು ಸುಳ್ಳೂ ಅಲ್ಲ.

ಅಯ್ಯೋ ಎನಿಸಿತು. ಆದರೂ ಸುಮ್ಮನಿರಲಾಗಲಿಲ್ಲ. ಭಾನುವಾರ ಬೆಳಿಗ್ಗೆ ಅಣ್ಣನ ಲ್ಯಾಪ್‌ಟಾಪ್ ತೆಗೆದು ಅತಿಥಿ ಪುಸ್ತಕದ ಚೌಕದಲ್ಲಿ ಬರೆದೆ: 'ಚಿಕ್ಕಪ್ಪಾ, ಅಪ್ಪ ಬದುಕಿದ್ದಾರೆ. ಚೆನ್ನಾಗಿದ್ದಾರೆ. ಅದು ಇಂಗ್ಲಿಷಿನ ದಿ, ಚುಕ್ಕೆ ಅಣ್ಣನದು. ನಿಜವಾಗಿ ಹೋದವರು ಅಮ್ಮ. ನಿಮಗೆ ಯಾರೂ ತಿಳಿಸಲಿಲ್ಲ. ನೀವು ಬರದಿದ್ದರೆ ನನಗೇನೂ ಬೇಜಾರಿಲ್ಲ.' ಕೊನೆಯ ಸಾಲನ್ನು ಅಳಿಸಿ, 'ನೀವು ಬರದಿದ್ದರೆ ನನಗೆ ತುಂಬಾ ಬೇಜಾರಾಗುತ್ತದೆ' ಎಂದು ಬರೆದು ಕಳಿಸಿದೆ. ಅದು ಅವರಿಗೆ ಮುಟ್ಟುತ್ತದೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಫೋನ್ ನಂಬರ್ ಯಾರ ಬಳಿಯೂ ಇಲ್ಲ.

ಅಪ್ಪನಿಗೆ ಹೇಳಿಯೇ ಹೇಳಿದೆ. ಕೂಗಾಡುತ್ತಾರೆ ಎಂದು ಸಿದ್ಧಳಾಗಿಯೇ ಹೋಗಿದ್ದೆ. ಅವರು ನನ್ನನ್ನು ನೋಡಿ, "ಹೋಯ್ತು ಬಿಡು" ಎಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ರಾತ್ರಿ ಊಟ ಬೇಡ ಎಂದರು. ಸೋಮವಾರ ಮಾತ್ರ ಒಗೆದ ಶರ್ಟ್ ಹಾಕಿಕೊಂಡು ಅಂಗಡಿಗೆ ಬಂದರು.

ಗಿರಾಕಿಗಳು ಬಂದರು. ಅಪ್ಪ ಈಗ ಯಾರಿಂದಲೂ ಅಡಗಲಿಲ್ಲ. ಒಬ್ಬರು ಅವರನ್ನು ನೋಡಿ ಹೌಹಾರಿ, ಸಾವರಿಸಿಕೊಂಡು, ಬೆಲ್ಟ್ ಬದಲಾಯಿಸಲು ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರು. ಬೆಳಗಿನ ಬಸ್ಸುಗಳೆಲ್ಲ ಬಂದು ಹೋಗುವ ಹೊತ್ತಾಯಿತು. ಅಪ್ಪ ಬಾಗಿಲಿಗೆ ಬೆನ್ನು ಹಾಕಿ, ಆಗಲೇ ಬಿಗಿಯಾಗಿದ್ದ ಸ್ಕ್ರೂ ಒಂದನ್ನು ಬಿಗಿ ಮಾಡುತ್ತ ಕೂತರು. ಪ್ರೆಸ್ಸಿಗೆ ರಜೆ ಹಾಕಿ ಬಂದಿದ್ದ ಅಣ್ಣ ಬಾಗಿಲಲ್ಲಿ ನಿಂತು ಬೀದಿಯ ಎರಡೂ ಕಡೆ ಇಣುಕುತ್ತಿದ್ದ. ಬೆಂಚಿನ ಮೇಲೆ ಮೂವರು ಕಾಯುತ್ತಿದ್ದರು. ಅವರಲ್ಲಿ ದಿಂಬಿನ ಕವರ್ ಹೊಲಿಯುವ ಹೆಂಗಸೊಬ್ಬರು ತಮ್ಮ ಮಷಿನ್ನನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಚಿಕ್ಕಪ್ಪ ಒಳಗೆ ಬಂದರು. ಕೂದಲು ಪೂರ್ತಿ ಬಿಳಿ, ಬೆನ್ನು ಸ್ವಲ್ಪ ಬಾಗಿದೆ, ಕಿವಿಗಳು ಮಾತ್ರ ಅಪ್ಪನವೇ. ಕೈಚೀಲ ಕೆಳಗಿಟ್ಟು ನನ್ನ ಕೆನ್ನೆ ಮುಟ್ಟಿ, "ಎಷ್ಟು ದೊಡ್ಡವಳಾಗಿದ್ದೀಯ" ಎಂದರು. ನನಗೂ ತಲೆ ನರೆತಿದೆ. ಆಮೇಲೆ ಹೋಗಿ ಅಪ್ಪನ ಹಿಂದೆ ನಿಂತರು.

"ಅಣ್ಣ," ಎಂದರು.

ಅಪ್ಪ ತಿರುಗಲಿಲ್ಲ. "ನಾನು ಸತ್ತಿಲ್ಲ" ಎಂದರು, ಸ್ಕ್ರೂಗೆ ಹೇಳುವಂತೆ.

"ಗೊತ್ತು. ನಿನ್ನೆ ಸಂಜೇನೇ ಓದಿದೆ."

"ಮತ್ತೆ ಯಾಕೆ ಬಂದೆ?"

"ಬರಬಾರದು ಅಂತಲೇ ಇದ್ದೆ. ಟಿಕೆಟ್ ವಾಪಸ್ ಮಾಡೋಣ ಅಂತ ಬಸ್ ಸ್ಟ್ಯಾಂಡಿಗೂ ಹೋದೆ. ಕೌಂಟರ್‌ನಲ್ಲಿದ್ದವನು ಯಾಕೆ ಹೋಗಲ್ಲ ಅಂದ. ನಮ್ಮಣ್ಣ ಬದುಕಿದ್ದಾನಂತೆ, ಅದಕ್ಕೆ ಹೋಗಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ."

ಅಣ್ಣ ವಿಡಿಯೊ ಮಾಡಲೆಂದು ಫೋನ್ ಎತ್ತಿದ. ನಾನು ಅವನ ಕೈಯನ್ನು ಹಿಡಿದು ಕೆಳಗಿಳಿಸಿದೆ.

ಅಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದರು. ಚಿಕ್ಕಪ್ಪನ ಕಡೆ ನೋಡಲಿಲ್ಲ. ಅವರ ತೋಳು ಹಿಡಿದು ಬೆಂಚಿನ ಮುಂದೆ ಕರೆದುಕೊಂಡು ಬಂದು, ಕಾಯುತ್ತಿದ್ದ ಮೂವರ ಎದುರು ನಿಲ್ಲಿಸಿದರು. ಗಂಟಲು ಸರಿಮಾಡಿಕೊಂಡರು.

"ಎಲ್ಲರೂ ಕೇಳಿ," ಎಂದರು, ಇಡೀ ಬೀದಿಗೆ ಕೇಳುವ ಹಾಗೆ. "ಇವನು ನನ್ನ ತಮ್ಮ. ಆ ಮಷಿನ್ ಇವನು ಕೆಡಿಸಿದ್ದಲ್ಲ. ಇವನು ಮುಟ್ಟೇ ಇರಲಿಲ್ಲ. ಕೆಡಿಸಿದ್ದು ನಾನು. ಇವನ ಮೇಲೆ ಹಾಕಿದೆ. ತಪ್ಪಾಯ್ತು."

ಬೆಂಚಿನ ಮೇಲಿದ್ದ ಮೂವರೂ ಮುಖ ಮುಖ ನೋಡಿಕೊಂಡರು. ದಿಂಬಿನ ಕವರಿನವರು ತಮ್ಮ ಮಷಿನ್ನನ್ನು ತಬ್ಬಿಕೊಂಡು ಗಾಬರಿಯಿಂದ ಎದ್ದು ನಿಂತರು.

"ಯಾವ ಮಷಿನ್ನು?" ಎಂದರು. "ನಂದಾ?"

ಚಿಕ್ಕಪ್ಪ ಕಣ್ಣೊರೆಸಿಕೊಂಡರು. "ಇಲ್ಲಮ್ಮ, ನಿಮ್ಮದನ್ನ ನಮ್ಮಣ್ಣ ಇನ್ನೂ ಮುಟ್ಟಿಲ್ಲ" ಎಂದು ಅದನ್ನು ಅವರ ಕೈಯಿಂದ ಇಳಿಸಿಕೊಂಡು, ಅಪ್ಪನ ಮೇಜಿನ ಮೇಲೆ ಇಟ್ಟು, ಶರ್ಟಿನ ತೋಳು ಮಡಿಸತೊಡಗಿದರು.